ಪದ ಬೇಕು (ತುರ್ತು): ಡಬ್ಲ್ಯುಟಿಒ ‘ರಿಟ್ಯಾಲಿಯೇಷನ್’ಗೆ ‘ಪ್ರತೀಕಾರ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಬಿಕಾಂ ಪಠ್ಯದ ಒಂದು ಅಧ್ಯಾಯ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ವಿಷಯ ವಿಮಾನ ತಯಾರಿಸುವ ಏರ್‌ಬಸ್ (ಯುರೋಪ್)–ಬೋಯಿಂಗ್ (ಅಮೆರಿಕ) ಜಗಳ. ಏರ್‌ಬಸ್‌ಗೆ ಯುರೋಪಿನ ಸರ್ಕಾರಗಳು ಕೊಟ್ಟ ಸಬ್ಸಿಡಿ ತಪ್ಪು ಅಂತ ಡಬ್ಲ್ಯುಟಿಒದಲ್ಲಿ (ವಿಶ್ವ ವ್ಯಾಪಾರ ಸಂಸ್ಥೆ) ತೀರ್ಪಾಯಿತು. 2019ರ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ವರ್ಷಕ್ಕೆ ಸುಮಾರು 750 ಕೋಟಿ ಡಾಲರ್‌ವರೆಗೆ ‘ರಿಟ್ಯಾಲಿಯೇಷನ್’ (ತಪ್ಪು ಮಾಡಿದ ದೇಶದ ವ್ಯಾಪಾರಕ್ಕೆ ಎದುರೇಟು) ಮಾಡಲು ಒಪ್ಪಿಗೆ ಸಿಕ್ಕಿತು. ಅವರು ಚೀಸ್, ವೈನ್, ಸ್ಕಾಚ್ ವಿಸ್ಕಿ ಮೇಲೆ 25% ಸುಂಕ ಹಾಕಿದರು. ಮರುವರ್ಷ, ಅಮೆರಿಕ ಬೋಯಿಂಗ್‌ಗೆ ಕೊಟ್ಟ ಸಬ್ಸಿಡಿಯ ಕೇಸಿನಲ್ಲಿ ಯುರೋಪಿಗೂ ಸುಮಾರು 400 ಕೋಟಿ ಡಾಲರ್‌ಗೆ ಅದೇ ಹಕ್ಕು ಬಂತು. ಪತ್ರಿಕೆಯವರು ‘ಪ್ರತೀಕಾರ ಸುಂಕ’ ಅಂತಾರೆ. ಸೇಡಿನ ಸಿನಿಮಾ ಹೆಸರಿನ ಹಾಗಿದೆ, ಅಲ್ವಾ? ಇದು ಅಳೆದು ತೂಗಿ ಕೊಟ್ಟ ಹಕ್ಕು. ‘ಪ್ರತಿಸುಂಕ’ ಅನ್ನೋಣ ಅಂದರೆ ಅದನ್ನು 2025ರಲ್ಲಿ ಟ್ರಂಪ್ ಸುಂಕಕ್ಕೇ ಬಳಸಿಬಿಟ್ಟರು. ಬೇರೇನಿದೆ?

*

ಹುಡುಕೋದೇನಿದೆ? ‘ಮುಯ್ಯಿ’.

ನಮ್ಮನೆ ಮದುವೆಯಲ್ಲಿ ನೀವು ಕೊಟ್ಟದ್ದನ್ನು ನಿಮ್ಮನೆ ಮದುವೆಯಲ್ಲಿ ನಾವು ತೀರಿಸುತ್ತೇವಲ್ಲ, ಅದೂ ಮುಯ್ಯಿ. ಕೆಟ್ಟದ್ದಕ್ಕೆ ಕೆಟ್ಟದ್ದು ತೀರಿಸುವುದೂ ಮುಯ್ಯಿ. ಹೊಲದ ಕೆಲಸಕ್ಕೆ ಮುಯ್ಯಾಳು. ಎಲ್ಲದರಲ್ಲೂ ಒಂದು ಅಳತೆ ಇದೆ, ಪಡೆದಷ್ಟೇ ತೀರಿಸಬೇಕು. ಡಬ್ಲ್ಯುಟಿಒ ಹೇಳುವುದೂ ಅದನ್ನೇ, ಆದ ನಷ್ಟಕ್ಕೆ ಸಮನಾಗಿರಬೇಕು ಅಂತ. ತಮಿಳಿನ ‘ಮೊಯ್’ ಇದರ ದಾಯಾದಿ. ಇಂಥ ಅಚ್ಚ ದ್ರಾವಿಡ ಪದ ಮನೆಯಲ್ಲೇ ಇಟ್ಟುಕೊಂಡು ಸಂಸ್ಕೃತದ ಬಾಗಿಲು ತಟ್ಟುವ ಚಟ ನಮಗೆ ಯಾವಾಗ ಬಿಡುತ್ತೋ.

*

> ಹುಡುಕೋದೇನಿದೆ? ‘ಮುಯ್ಯಿ’.

ಆಗಲ್ಲ. ಮುಯ್ಯಿ ತೀರಿಸೋಕೆ ಯಾರ ಅಪ್ಪಣೆಯೂ ಬೇಡ. ಇಲ್ಲಿ ಅಪ್ಪಣೆಯೇ ಎಲ್ಲ. ಮೊದಲು ಮಾತುಕತೆ, 60 ದಿನದಲ್ಲಿ ಬಗೆಹರಿಯದಿದ್ದರೆ ಕೇಸು ವಿಚಾರಿಸುವ ತಜ್ಞರ ಪ್ಯಾನೆಲ್, ಆಮೇಲೆ ಮೇಲ್ಮನವಿ, ಸೋತವರಿಗೆ ತಪ್ಪು ಸರಿಪಡಿಸಿಕೊಳ್ಳಲು ಸಮಯ, ಅದನ್ನೂ ಮಾಡದೆ ಕೂತರೆ ಮಾತ್ರ ಗೆದ್ದವರು ಇದಕ್ಕೆ ಕೈ ಹಾಕಬಹುದು. ಆ ಮೇಲ್ಮನವಿ ಪೀಠದ ಕತೆ ಬೇರೆ: ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ಒಪ್ಪದೆ ಅದು 2019ರ ಡಿಸೆಂಬರ್‌ನಿಂದ ನಿಂತೇ ಹೋಗಿದೆ. ಸೋತವರು ಇಲ್ಲದ ಪೀಠಕ್ಕೆ ಮೇಲ್ಮನವಿ ಹಾಕಿ ಆರಾಮಾಗಿ ಇರಬಹುದು.

ಇನ್ನೊಂದು ಮಾತು, ‘ಸುಂಕ’ ಸೇರಿಸಲೇಬೇಡಿ. ಆನ್‌ಲೈನ್ ಜೂಜಿಗೆ ಅಮೆರಿಕ ಹಾಕಿದ ತಡೆಯ ಕೇಸಿನಲ್ಲಿ ಆಂಟಿಗುವಾ ಅನ್ನೋ ದ್ವೀಪದೇಶಕ್ಕೆ 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್‌ವರೆಗೆ ಅಂತ ಹೇಳಿದರಲ್ಲ, ಅದು ಸುಂಕದಲ್ಲಲ್ಲ, ಅಮೆರಿಕದವರ ಕಾಪಿರೈಟ್ ಥರದ ಹಕ್ಕುಗಳನ್ನು ತಡೆಹಿಡಿಯುವುದರಲ್ಲಿ. ಅಷ್ಟು ಪುಟ್ಟ ದ್ವೀಪ ಸುಂಕ ಹಾಕಿದರೆ ಅಮೆರಿಕಕ್ಕೆ ಏನು ತಟ್ಟುತ್ತೆ? ತನ್ನ ಜನರಿಗೇ ಬೆಲೆ ಜಾಸ್ತಿ. ಡಬ್ಲ್ಯುಟಿಒದ ವ್ಯಾಜ್ಯ ಇತ್ಯರ್ಥ ಒಪ್ಪಂದದ 22ನೇ ವಿಧಿ ಹೇಳುವುದು, ವ್ಯಾಪಾರದಲ್ಲಿ ಎದುರಿನ ದೇಶಕ್ಕೆ ಕೊಟ್ಟ ರಿಯಾಯಿತಿಯನ್ನು ನಿಲ್ಲಿಸಿಡುವುದರ ಬಗ್ಗೆ. ‘ರಿಯಾಯಿತಿ ಅಮಾನತು’ ಅಂತ ಬರೆದು ಮುಗಿಸಿ.

*

ರಿಯಾಯಿತಿ ಅರಬಿ. ಅಮಾನತು ಅರಬಿ. ಕನ್ನಡ ಪಠ್ಯ ತಾನೆ ಕೇಳಿದ್ದು?

*

ಶುರುವಾಯ್ತು. ಹಾಗಾದರೆ ‘ಸುಂಕ’ವನ್ನೂ ಬಿಡಿ ಸಾರ್, ಅದು ಶುಲ್ಕದ ತದ್ಭವ. ತಕರಾರು, ವಕೀಲ ಎರಡೂ ಅರಬಿ. ಇವನ್ನೆಲ್ಲ ಕಿತ್ತು ಹಾಕಿದರೆ ನಮ್ಮೂರ ಕೋರ್ಟಿನಲ್ಲಿ ಯಾರೂ ಬಾಯಿ ಬಿಡೋ ಹಾಗಿಲ್ಲ. ಬಳಕೆಯಲ್ಲಿ ನಿಂತದ್ದು ಕನ್ನಡ, ಅಷ್ಟೆ.

ಆದರೆ ಮುಯ್ಯಿಯನ್ನು ಸುಮ್ನೆ ತಳ್ಳಿಹಾಕಬೇಡಿ, ಅದಕ್ಕೂ ಜಾಗ ಇದೆ. 2018ರಲ್ಲಿ ಅಮೆರಿಕ ಉಕ್ಕಿನ ಮೇಲೆ 25%, ಅಲ್ಯೂಮಿನಿಯಂ ಮೇಲೆ 10% ಸುಂಕ ಹಾಕಿತು. 2019ರ ಜೂನ್‌ನಲ್ಲಿ ಭಾರತ ಬಾದಾಮಿ, ಸೇಬು, ವಾಲ್‌ನಟ್ ಅಂತ 28 ಅಮೆರಿಕನ್ ಸರಕುಗಳ ಮೇಲೆ ಸುಂಕ ಏರಿಸಿತು. ಡಬ್ಲ್ಯುಟಿಒ ತೀರ್ಪಿಗೆ ಕಾಯಲಿಲ್ಲ. ಅಮೆರಿಕ ಅದರ ಮೇಲೂ ದೂರು ಕೊಟ್ಟಿತು, 2023ರ ಜೂನ್‌ನಲ್ಲಿ ಇಬ್ಬರೂ ಆರು ಕೇಸುಗಳನ್ನು ಒಟ್ಟಿಗೆ ರಾಜಿ ಮಾಡಿಕೊಂಡರು. ಅಪ್ಪಣೆ ಇಲ್ಲದೆ ಹಾಕಿದ ಇಂಥದ್ದಕ್ಕೆ ‘ಮುಯ್ಯಿ ಸುಂಕ’ ಅನ್ನಿ. ಅಪ್ಪಣೆ ಪಡೆದದ್ದಕ್ಕೆ ಬೇರೆ ಪದ ಇರಲಿ. ಎರಡಕ್ಕೂ ಒಂದೇ ಪದ ಹಾಕಿದರೆ ಓದೋ ಹುಡುಗರಿಗೆ ಏನು ತಿಳಿಯುತ್ತೆ?

*

ಬಳಕೆ ಬಳಕೆ ಅಂತ ಹೇಳಿಯೇ ‘ಮುಯ್ಯಿ’ ಬಳಕೆಯಿಂದ ಹೋಗಿದ್ದು. ಇರಲಿ. ಅಮಾನತು ಬೇಡ, ‘ತಡೆ’ ಅನ್ನಿ.

*

ಧನ್ಯವಾದ. ‘ರಿಯಾಯಿತಿ ತಡೆ’ ಅಂತ ಹಾಕಿದ್ದೇನೆ, ಭಾರತದ ಉದಾಹರಣೆಗೆ ‘ಮುಯ್ಯಿ ಸುಂಕ’. ಪ್ರತೀಕಾರ ಎಲ್ಲ ಕಡೆ ತೆಗೆದೆ.

ಈಗ ಆ 750 ಕೋಟಿ ಲೆಕ್ಕ ಹಾಕಿ ಹೇಳಿದ ಆರ್ಬಿಟ್ರೇಟರ್‌ಗೆ ಏನನ್ನಲಿ? ‘ಮಧ್ಯಸ್ಥಗಾರ’ ಅಂದರೆ ಮೀಡಿಯೇಟರ್ ಜೊತೆ ಕಲಸಿಹೋಗುತ್ತೆ. ಒಬ್ಬರು ತೀರ್ಪು ಕೊಡುವವರು, ಇನ್ನೊಬ್ಬರು ರಾಜಿ ಮಾಡಿಸುವವರು.

*

ಪಂಚರು.

*

ಪಂಚರು ಅಂದರೆ ಪೊಲೀಸ್ ಮಹಜರಿಗೆ ಸಹಿ ಹಾಕೋರು. ಬೇಡ.