ಫೋಟೋಗ್ರಾಫರ್ ಕರಾರಿನಂತೆ ಕೆಲಸ ಮಾಡಿಲ್ಲ: ಎಷ್ಟು ಹಣ ವಾಪಸ್ ಕೇಳಬಹುದು, ಹೇಗೆ ಕೇಳಬೇಕು?

ನೆರಳುಬೆಳಕು (ಪ್ರಶ್ನೆ)

ಒಂದು ಸಮಾರಂಭಕ್ಕೆ ಲಿಖಿತ ಕರಾರು ಮಾಡಿಕೊಂಡು ಫೋಟೋಗ್ರಾಫರ್ ಒಬ್ಬರನ್ನು ಗೊತ್ತುಮಾಡಿದ್ದೆವು. ಲೆಕ್ಕ ಸುಲಭವಾಗಲಿ ಎಂದು ಒಟ್ಟು ಮೊತ್ತವನ್ನು 100 ಎಂದಿಟ್ಟುಕೊಂಡು ಬರೆಯುತ್ತೇನೆ. ಕರಾರಿನ ಜೊತೆ ಇರುವ ಕೊಟೇಶನ್‌ನಲ್ಲಿ ಹೀಗಿದೆ: ಮುಖ್ಯ ಫೋಟೋಗ್ರಾಫರ್ 8 ಗಂಟೆಗೆ 55, ಎರಡನೇ ಫೋಟೋಗ್ರಾಫರ್ 20, ಕನಿಷ್ಠ 400 ಚಿತ್ರಗಳ ಎಡಿಟಿಂಗ್ 15, ಆಲ್ಬಂ 10. ಮುಂಗಡ 50, ಸಮಾರಂಭದ ದಿನ 40 ಕೊಟ್ಟಾಗಿದೆ. ಉಳಿದ 10 ಆಲ್ಬಂ ಕೈಸೇರಿದಾಗ.

ಎರಡನೇ ಫೋಟೋಗ್ರಾಫರ್ ಬರಲೇ ಇಲ್ಲ. ಮುಖ್ಯ ಫೋಟೋಗ್ರಾಫರ್ ಎಂಟರ ಬದಲು ಆರೂವರೆ ಗಂಟೆ ಮಾತ್ರ ಇದ್ದು ಹೊರಟುಬಿಟ್ಟರು. ಚಿತ್ರಗಳು 45 ದಿನದೊಳಗೆ ಬರಬೇಕಿತ್ತು, ಬಂದದ್ದು 75ನೇ ದಿನ, ಅದೂ 212 ಮಾತ್ರ. ಕ್ಯಾಮೆರಾದ ಮೆಮೊರಿ ಕಾರ್ಡ್ ಒಂದು ಕೆಟ್ಟಿತು ಎನ್ನುವ ಕಾರಣಕ್ಕೆ ಮುಖ್ಯ ಘಟ್ಟದ ಸುಮಾರು 50 ನಿಮಿಷದ ಒಂದು ಚಿತ್ರವೂ ಇಲ್ಲ. ಇರುವುದರಲ್ಲಿ ಹಲವು ಮಂಕಾಗಿವೆ, ಕೆಲವು ಫೋಕಸ್ ತಪ್ಪಿವೆ.

ಹಣ ಕೇಳಿದರೆ ಕರಾರಿನ ಮೂರು ಸಾಲು ತೋರಿಸುತ್ತಾರೆ. "ಮುಂಗಡ ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ." "ನಮ್ಮ ಹೊಣೆ ಪಾವತಿಯಾದ ಮೊತ್ತಕ್ಕೆ ಸೀಮಿತ." "ಚಿತ್ರಗಳ ಶೈಲಿ ಫೋಟೋಗ್ರಾಫರ್ ವಿವೇಚನೆಗೆ ಬಿಟ್ಟದ್ದು." ರಾ ಫೈಲ್ (ಎಡಿಟ್ ಮಾಡದ ಮೂಲ ಕ್ಯಾಮೆರಾ ಫೈಲ್) ಕೊಡುವುದಿಲ್ಲ ಎಂದೂ ಕರಾರಿನಲ್ಲಿದೆ. ಎಷ್ಟು ಕೇಳುವುದು ನ್ಯಾಯ? ಯಾವ ಪುರಾವೆ ಬೇಕು?

ಕರಾರುಪತ್ರ

ಆ ಮೂರು ಸಾಲುಗಳಿಗೆ ಹೆದರಬೇಡಿ, ಒಂದೊಂದಾಗಿ ಬಿಡಿಸಿ ನೋಡೋಣ.

ಮುಂಗಡದ ಷರತ್ತು ಹುಟ್ಟಿದ್ದು ಗಿರಾಕಿ ಕಡೇ ಗಳಿಗೆಯಲ್ಲಿ ಕೆಲಸ ರದ್ದು ಮಾಡಿದರೆ ಫೋಟೋಗ್ರಾಫರ್‌ಗೆ ನಷ್ಟವಾಗದಿರಲಿ ಎಂದು. ಆ ತಾರೀಕನ್ನು ನಿಮಗಾಗಿ ಕಾದಿರಿಸಿ ಬೇರೆ ಕೆಲಸ ಬಿಟ್ಟದ್ದಕ್ಕೆ ಅದು ಬೆಲೆ. ಅವರೇ ಮಾತು ತಪ್ಪಿದಾಗ ಅದೇ ಸಾಲನ್ನು ಗುರಾಣಿಯಾಗಿ ಹಿಡಿಯುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. "ಯಾವ ಕಾರಣಕ್ಕೂ" ಎಂದು ಬರೆದಿದ್ದರೂ, ಮಾಡದ ಕೆಲಸಕ್ಕೆ ಹಣ ಇಟ್ಟುಕೊಳ್ಳಲು ಬಿಡುವ ಷರತ್ತನ್ನು ಏಕಪಕ್ಷೀಯವೆಂದು ತಳ್ಳಿಹಾಕಲು ಬಹಳ ಕಡೆಯ ಗ್ರಾಹಕ ಕಾನೂನಿನಲ್ಲಿ ಅವಕಾಶವಿದೆ. ಅಲ್ಲದೆ ನೀವು ಮುಂಗಡವನ್ನು ಕೇಳುತ್ತಲೇ ಇಲ್ಲ. ಕೊಟ್ಟ 90ರಲ್ಲಿ ಮಾಡದ ಕೆಲಸದ ಪಾಲನ್ನು ಕೇಳುತ್ತಿದ್ದೀರಿ. ಪತ್ರದಲ್ಲಿ "ಮುಂಗಡ ವಾಪಸ್ ಕೊಡಿ" ಎಂಬ ಮಾತೇ ಬರಬಾರದು.

ಹೊಣೆಯ ಮಿತಿಯ ಸಾಲು ನಿಮಗೇ ಅನುಕೂಲ. ಅದು ಹಣ ಕೊಡುವುದಿಲ್ಲ ಎನ್ನುವುದಿಲ್ಲ, ಪಾವತಿಯಾದ 90ರವರೆಗೆ ಹೊಣೆ ಹೊರುತ್ತೇನೆ ಎನ್ನುತ್ತದೆ. ನಿಮ್ಮ ಬೇಡಿಕೆ ಅದರೊಳಗೇ ಇರುತ್ತದೆ. ಶೈಲಿಯ ಸಾಲು ಮಾತ್ರ ನಿಜಕ್ಕೂ ಗಟ್ಟಿ. ಬಣ್ಣದ ಛಾಯೆ, ಕ್ರಾಪ್, ಯಾವ ಕೋನ ಎಂಬುದರ ಮೇಲೆ ಜಗಳ ತೆಗೆದರೆ ಸೋಲುತ್ತೀರಿ. ಗಂಟೆ, ಆಳು, ಸಂಖ್ಯೆ, ತಾರೀಕು ಶೈಲಿಯಲ್ಲ. ಅವಕ್ಕೆ ಅಂಟಿಕೊಳ್ಳಿ.

ಇನ್ನು ಲೆಕ್ಕ. 55ನ್ನು 8ರಿಂದ ಭಾಗಿಸಿದರೆ ಗಂಟೆಗೆ 6.875. ಒಂದೂವರೆ ಗಂಟೆಗೆ 10.31. ಎರಡನೇ ಫೋಟೋಗ್ರಾಫರ್ ಪೂರ್ತಿ 20. ಎಡಿಟಿಂಗ್ ಒಂದು ಚಿತ್ರಕ್ಕೆ 0.0375ರಂತೆ, ಕೊರತೆಯಿರುವ 188 ಚಿತ್ರಕ್ಕೆ 7.05. ಮೂರೂ ಸೇರಿ 37.36. ಅವರು ಹಾಜರಿದ್ದೂ ಫಲ ಸಿಗದ 50 ನಿಮಿಷಕ್ಕೆ 5.73 ಸೇರಿಸಿದರೆ 43.09. ಆಲ್ಬಂನ 10 ನೀವಿನ್ನೂ ಕೊಟ್ಟಿಲ್ಲ, ಹಾಗಾಗಿ ಇದರೊಳಗೆ ತರಬೇಡಿ. ಆಲ್ಬಂ ಬೇಕೆನಿಸಿದರೆ ಕೊಟ್ಟು ತೆಗೆದುಕೊಳ್ಳಿ, ಬೇಡವಾದರೆ ಆ ಬಾಬತ್ತು ರದ್ದೆಂದು ಎರಡೂ ಕಡೆಯವರು ಬರೆದುಕೊಳ್ಳಿ.

ಕೊಟೇಶನ್‌ನಲ್ಲಿ ಬಾಬತ್ತುಗಳು ಬಿಡಿಬಿಡಿಯಾಗಿ ಇರುವುದರಿಂದಲೇ ಈ ಲೆಕ್ಕ ಸಾಧ್ಯ. ಒಂದೇ ಗುತ್ತಿಗೆ ಮೊತ್ತವಿದ್ದರೆ ಗಂಟೆಯ ಕೊರತೆಯನ್ನೂ ಚಿತ್ರಗಳ ಕೊರತೆಯನ್ನೂ ಒಟ್ಟಿಗೆ ಕೇಳಿದಾಗ "ಒಂದೇ ನಷ್ಟಕ್ಕೆ ಎರಡು ಸಲ ಕೇಳುತ್ತಿದ್ದೀರಿ" ಎನ್ನುತ್ತಿದ್ದರು, ಆ ಮಾತಿನಲ್ಲಿ ಹುರುಳೂ ಇರುತ್ತಿತ್ತು. ಹಾಗೆಯೇ "ಕನಿಷ್ಠ 400" ಎಂಬ ಪದ ನಿಮ್ಮನ್ನು ಕಾಪಾಡಿದೆ. "ಸುಮಾರು 400" ಎಂದಿದ್ದರೆ ಜಗ್ಗಾಟಕ್ಕೆ ಜಾಗ, "400ರವರೆಗೆ" ಎಂದಿದ್ದರೆ 212ಕ್ಕೂ ತಕರಾರು ಎತ್ತುವಂತಿರಲಿಲ್ಲ.

ಎರಡು ಸಾಲು ಮತ್ತೆ ಓದಿ. ಮೊದಲನೆಯದು, 45 ದಿನವೋ 45 ಕೆಲಸದ ದಿನವೋ? ವಾರಕ್ಕೆ ಐದು ಕೆಲಸದ ದಿನವಾದರೆ 45 ಎಂದರೆ ಒಂಬತ್ತು ವಾರ, 63 ದಿನ. ಆಗ ತಡವಾದದ್ದು 30 ದಿನವಲ್ಲ, 12. ಪತ್ರದಲ್ಲಿ ಒಂದು ಅಂಕಿ ತಪ್ಪಿದರೂ ಅವರ ಉತ್ತರ ಪೂರ್ತಿ ಅದರ ಮೇಲೆಯೇ ಇರುತ್ತದೆ. ಎರಡನೆಯದು, "ಬದಲಿ ಫೋಟೋಗ್ರಾಫರ್" ಎಂಬ ಷರತ್ತು ಇದೆಯೇ? ಕಾಯಿಲೆ, ಅಪಘಾತವಾದರೆ ಅಷ್ಟೇ ಅನುಭವದ ಇನ್ನೊಬ್ಬರನ್ನು ಕಳಿಸಬಹುದು ಎಂದು ಅದು ಹೇಳುತ್ತದೆ. ಯಾರನ್ನೂ ಕಳಿಸದೆ ಇರಲು ಅದು ಅನುಮತಿಯಲ್ಲ.

ಮೂರನೇಕಣ್ಣು

ತಾಂತ್ರಿಕ ಪುರಾವೆಯ ಬಗ್ಗೆ ಬರೆಯುತ್ತೇನೆ. ಎಲ್ಲಕ್ಕಿಂತ ಮೊದಲು ಗ್ಯಾಲರಿ ಲಿಂಕ್‌ನಿಂದ 212 ಚಿತ್ರಗಳನ್ನೂ ಪೂರ್ಣ ಗಾತ್ರದಲ್ಲಿ ಇಳಿಸಿಕೊಂಡು ಎರಡು ಕಡೆ ಇಡಿ. ಇಂಥ ಲಿಂಕ್‌ಗಳಿಗೆ ಅವಧಿ ಇರುತ್ತದೆ, ಜಗಳ ಬೆಳೆದರೆ ಮುಚ್ಚಿಯೂ ಬಿಡಬಹುದು. ವಾಟ್ಸಾಪ್‌ನಲ್ಲಿ ಮಾಮೂಲು ಚಿತ್ರವಾಗಿ ಬಂದ ಪ್ರತಿ ಪುರಾವೆಗೆ ಆಗುವುದಿಲ್ಲ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿನ ಎಕ್ಸಿಫ್ ಮಾಹಿತಿಯನ್ನೂ (ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಕ್ಯಾಮೆರಾ ಫೈಲ್‌ನಲ್ಲಿ ಬರೆದಿಡುವ ವಿವರ) ಅಳಿಸಿಬಿಡುತ್ತದೆ.

ನಮಗೆ ಬೇಕಿರುವುದು ಆ ಎಕ್ಸಿಫ್ ಮಾಹಿತಿಯೇ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಫೋಲ್ಡರ್ ತೆರೆದು ಮೂರು ಕಾಲಂ ತೆಗೆಯಿರಿ: ತೆಗೆದ ಸಮಯ, ಕ್ಯಾಮೆರಾ ಮಾಡೆಲ್, ಬಾಡಿಯ (ಲೆನ್ಸ್ ಬಿಟ್ಟು ಕ್ಯಾಮೆರಾದ) ಸೀರಿಯಲ್ ಸಂಖ್ಯೆ. ಸಮಯದ ಪ್ರಕಾರ ಜೋಡಿಸಿದರೆ ಮೊದಲ ಚಿತ್ರ, ಕೊನೆಯ ಚಿತ್ರ, ನಡುವಿನ ಖಾಲಿ ಜಾಗ ಎದ್ದು ಕಾಣುತ್ತವೆ. ಕ್ಯಾಮೆರಾ ಗಡಿಯಾರ ತಪ್ಪಿರಬಹುದು, ಅದಕ್ಕೆ ಅತಿಥಿಗಳ ಫೋನಿನಲ್ಲಿ ಅದೇ ಕ್ಷಣದ ಚಿತ್ರ ಹುಡುಕಿ ತಾಳೆ ಹಾಕಿ. ಫೋನಿನ ಗಡಿಯಾರ ಸಾಮಾನ್ಯವಾಗಿ ನೆಟ್‌ವರ್ಕ್‌ನಿಂದ ಸರಿಹೊಂದಿರುತ್ತದೆ. ಮೂರ್ನಾಲ್ಕು ಕ್ಷಣಗಳಲ್ಲಿ ಒಂದೇ ಅಂತರ ಬಂದರೆ ಎಲ್ಲ ಸಮಯವನ್ನೂ ಅಷ್ಟು ಸರಿಪಡಿಸಿ ಓದಬಹುದು.

ಎರಡು ಎಚ್ಚರಿಕೆ. ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಿಂದ ಚಿತ್ರ ಹೊರತೆಗೆಯುವಾಗ ಕಾಪಿರೈಟ್ ಮಾಹಿತಿ ಮಾತ್ರ ಉಳಿಸುವ ಆಯ್ಕೆ ಇದೆ. ಹಾಗೆ ಮಾಡಿದ್ದರೆ ಜೆಪೆಗ್‌ನಲ್ಲಿ ಸಮಯ ಸಿಗದಿರಬಹುದು, ಅದೊಂದೇ ಮೋಸದ ಗುರುತಲ್ಲ. ಫೈಲ್ ಸಂಖ್ಯೆಗಳ ನಡುವಿನ ಅಂತರವನ್ನೂ ಪುರಾವೆ ಮಾಡಬೇಡಿ. ಕಣ್ಣು ಮುಚ್ಚಿದ್ದು, ಒಂದೇ ಬಗೆಯದ್ದು ಎಂದು ಅರ್ಧಕ್ಕಿಂತ ಹೆಚ್ಚು ತೆಗೆದುಹಾಕುವುದು ಈ ಕಸುಬಿನಲ್ಲಿ ಮಾಮೂಲು. 9999 ಆದಮೇಲೆ ಸಂಖ್ಯೆ ಮತ್ತೆ 0001ರಿಂದ ಶುರುವಾಗುವುದೂ ಉಂಟು. ಎರಡು ಸೀರಿಯಲ್ ಸಂಖ್ಯೆ ಕಂಡರೂ ಇಬ್ಬರು ಬಂದಿದ್ದರು ಎಂದಾಗುವುದಿಲ್ಲ, ಒಬ್ಬರೇ ಎರಡು ಬಾಡಿ ಹೊತ್ತು ಕೆಲಸ ಮಾಡುತ್ತಾರೆ. ಆದರೆ ಇಡೀ ದಿನ ಒಂದೇ ಸಂಖ್ಯೆ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಕಾರ್ಡ್ ವಿಷಯ ಈಗಲೇ ಹಿಡಿಯಬೇಕಾದ್ದು. ಕೆಟ್ಟ ಕಾರ್ಡಿನಲ್ಲಿ ಹಲವು ಸಲ ಹಾಳಾಗುವುದು ಫೈಲ್‌ಗಳ ಪಟ್ಟಿ ಮಾತ್ರ, ಚಿತ್ರದ ದತ್ತಾಂಶ ಹಾಗೆಯೇ ಇರುತ್ತದೆ. ಮಾಮೂಲು ಫಾರ್ಮ್ಯಾಟ್ ಕೂಡ ಬಹುತೇಕ ಆ ಪಟ್ಟಿಯನ್ನಷ್ಟೇ ಅಳಿಸುವುದು. ಅದರ ಮೇಲೆ ಹೊಸ ಚಿತ್ರ ಬರೆದರೆ ಅಥವಾ ಇಡೀ ಕಾರ್ಡನ್ನು ಒರೆಸಿಹಾಕುವ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದರೆ ಆಸೆ ಬಿಡಬೇಕಾಗುತ್ತದೆ. ಆದ್ದರಿಂದ ಇವತ್ತೇ ಇಮೇಲ್ ಕಳಿಸಿ: ಆ ಕಾರ್ಡನ್ನು ಮತ್ತೆ ಬಳಸಬಾರದು, ಬರೆಯದಂತೆ ಲಾಕ್ ಮಾಡಿಡಬೇಕು, ಈವರೆಗೆ ಯಾವ ರಿಕವರಿ ಪ್ರಯತ್ನ ನಡೆದಿದೆ ತಿಳಿಸಬೇಕು. ಫೋಟೋರೆಕ್‌ನಂಥ ಉಚಿತ ತಂತ್ರಾಂಶದಲ್ಲೇ ಎಷ್ಟೋ ಚಿತ್ರ ಮರಳಿ ಸಿಗುತ್ತವೆ. ಮೊದಲು ಇಡೀ ಕಾರ್ಡಿನ ಇಮೇಜ್ ಪ್ರತಿ (ಅದರಲ್ಲಿರುವುದೆಲ್ಲದರ ಯಥಾವತ್ ನಕಲು) ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು, ಕಾರ್ಡಿನ ಮೇಲೆ ನೇರವಾಗಿ ಅಲ್ಲ. ಕಂಪ್ಯೂಟರ್ ಕಾರ್ಡನ್ನು ಗುರುತಿಸುತ್ತಲೇ ಇಲ್ಲವಾದರೆ ಮನೆಯಲ್ಲಿ ಕೈ ಹಾಕದೆ ರಿಕವರಿ ಲ್ಯಾಬ್‌ಗೆ ಕೊಡಬೇಕು.

ಇನ್ನೊಂದು ಪ್ರಶ್ನೆ ಕೇಳಿ: ಕ್ಯಾಮೆರಾದಲ್ಲಿ ಎರಡು ಕಾರ್ಡ್ ಸ್ಲಾಟ್ ಇತ್ತೇ, ಇದ್ದರೆ ಯಾವ ವಿಧಾನದಲ್ಲಿ ಇಟ್ಟಿದ್ದರು? ಬ್ಯಾಕಪ್ ವಿಧಾನದಲ್ಲಿ ಪ್ರತಿ ಚಿತ್ರ ಎರಡೂ ಕಾರ್ಡಿಗೆ ಹೋಗುತ್ತದೆ. ಓವರ್‌ಫ್ಲೋ ವಿಧಾನದಲ್ಲಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ. ಮತ್ತೆ ನಡೆಯದ ಸಮಾರಂಭಕ್ಕೆ ಎರಡು ಸ್ಲಾಟ್ ಇದ್ದೂ ಬ್ಯಾಕಪ್ ಹಾಕದಿದ್ದರೆ "ಕಾರ್ಡ್ ಕೆಟ್ಟಿತು, ನಾನೇನು ಮಾಡಲಿ" ಎನ್ನುವುದು ಆಕಸ್ಮಿಕವೆನಿಸುವುದಿಲ್ಲ, ಅಜಾಗರೂಕತೆ ಎನಿಸುತ್ತದೆ.

ಮಂಕು ಚಿತ್ರಗಳಿಗೆ ಹಣ ಕೇಳಬೇಡಿ, ಮರು ಎಡಿಟಿಂಗ್ ಕೇಳಿ. ಒಂದೆರಡು ಸ್ಟಾಪ್ (ಬೆಳಕಿನ ಅಳತೆ) ಕತ್ತಲಾಗಿದ್ದರೆ, ವೈಟ್ ಬ್ಯಾಲೆನ್ಸ್ ತಪ್ಪಿ ಬಣ್ಣ ಕೆಟ್ಟಿದ್ದರೆ ರಾ ಫೈಲ್‌ನಿಂದ ಚೆನ್ನಾಗಿಯೇ ಸರಿಯಾಗುತ್ತದೆ. ಪೂರ್ತಿ ಬಿಳಿಚಿಹೋದ ಭಾಗ ಮತ್ತು ತಪ್ಪಿದ ಫೋಕಸ್ ಮಾತ್ರ ಸರಿಯಾಗದು. ಎಲ್ಲ ರಾ ಫೈಲ್ ಕೊಡಿ ಎಂದರೆ ಕರಾರು ಅಡ್ಡ ಬರುತ್ತದೆ. ಬದಲಿಗೆ ಎಲ್ಲ ಫ್ರೇಮ್‌ಗಳ ಸಣ್ಣ ಪ್ರಿವ್ಯೂ ಕೇಳಿ. ಅದರಲ್ಲಿ ಆರಿಸಿದ್ದನ್ನು ಎಡಿಟ್ ಮಾಡಿಕೊಟ್ಟರೆ 188ರ ಕೊರತೆ ಒಂದಿಷ್ಟಾದರೂ ತುಂಬುತ್ತದೆ, ಅವರಿಗೂ ಹಣ ಉಳಿಯುತ್ತದೆ.

ನೆರಳುಬೆಳಕು

ಕರಾರಿನಲ್ಲಿ ಇರುವುದು ಕೆಲಸದ ದಿನವೇ, ತಿದ್ದಿದ್ದಕ್ಕೆ ವಂದನೆ. ಕಾರ್ಡ್ ಬಗ್ಗೆ ಇಮೇಲ್ ಹೋಗಿದೆ. ಅವರಿಂದ ಬಂದ ಉತ್ತರ: 10 ವಾಪಸ್ ಕೊಡುತ್ತಾರಂತೆ, ಇಲ್ಲವಾದರೆ ಇನ್ನೊಮ್ಮೆ ಉಚಿತವಾಗಿ ಫೋಟೋ ತೆಗೆದುಕೊಡುತ್ತಾರಂತೆ. ಗ್ಯಾಲರಿ ಬಂದ ದಿನ ನಾವು "ಸಿಕ್ಕಿತು, ಥ್ಯಾಂಕ್ಸ್" ಎಂದು ಬರೆದಿದ್ದು ಒಪ್ಪಿಗೆಯೇ ಆಯಿತು ಎನ್ನುತ್ತಾರೆ. 90ರಲ್ಲಿ 50 ಕ್ರೆಡಿಟ್ ಕಾರ್ಡ್‌ನಲ್ಲಿ, 40 ಬ್ಯಾಂಕ್ ವರ್ಗಾವಣೆಯಲ್ಲಿ ಹೋಗಿದೆ.

ತಾಳೆಪಟ್ಟಿ

"ಸಿಕ್ಕಿತು" ಎಂದರೆ ಸಿಕ್ಕಿತು ಎಂದಷ್ಟೇ. ಇಂತಿಷ್ಟು ದಿನದೊಳಗೆ ತಕರಾರು ಹೇಳದಿದ್ದರೆ ಒಪ್ಪಿದಂತೆ ಎಂಬ ಷರತ್ತು ಕರಾರಿನಲ್ಲಿ ಇದ್ದರೆ ಮಾತ್ರ ಗ್ಯಾಲರಿ ಬಂದ ದಿನಾಂಕ ಮುಖ್ಯವಾಗುತ್ತದೆ. ಅದನ್ನು ಹುಡುಕಿ. ಇದ್ದು ಅವಧಿ ಮುಗಿದಿಲ್ಲವಾದರೆ ಇಂದೇ ಒಂದು ಸಾಲಿನ ತಕರಾರು ದಾಖಲಿಸಿ, ವಿವರ ಆಮೇಲೆ ಬರಲಿ.

ಕ್ರೆಡಿಟ್ ಕಾರ್ಡಿನ 50ಕ್ಕೆ ಚಾರ್ಜ್‌ಬ್ಯಾಕ್ ದಾರಿ ಇದೆ, ಅಂದರೆ ಬ್ಯಾಂಕಿನ ಮೂಲಕವೇ ಹಣ ಹಿಂದಕ್ಕೆ ತರಿಸುವುದು. "ಸೇವೆ ದೊರೆತಿಲ್ಲ" ಅಥವಾ "ಹೇಳಿದಂತೆ ಇಲ್ಲ" ಎಂಬ ಕಾರಣದಡಿ ಕಾರ್ಡ್ ಕೊಟ್ಟ ಬ್ಯಾಂಕಿಗೇ ಅರ್ಜಿ. ಗಡುವು ಸಾಮಾನ್ಯವಾಗಿ 120 ದಿನ. ಎಂದಿನಿಂದ ಎಣಿಸಬೇಕು, ಹಣ ಕೊಟ್ಟ ದಿನದಿಂದಲೋ ಸೇವೆ ಸಿಗಬೇಕಿದ್ದ ದಿನದಿಂದಲೋ, ಎಂಬುದು ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಮಾತುಕತೆ ಮುಗಿಯಲಿ ಎಂದು ಕಾಯದೆ ಬ್ಯಾಂಕಿಗೆ ಕರೆ ಮಾಡಿ ಕೊನೆಯ ದಿನಾಂಕ ಕೇಳಿಟ್ಟುಕೊಳ್ಳಿ. ಪೂರ್ತಿ 50ಕ್ಕೆ ಅರ್ಜಿ ಹಾಕುವುದು ಜನ ಮಾಡುವ ದೊಡ್ಡ ತಪ್ಪು. 212 ಚಿತ್ರ ಸಿಕ್ಕಿರುವಾಗ "ಏನೂ ಸಿಕ್ಕಿಲ್ಲ" ಎಂದರೆ ಫೋಟೋಗ್ರಾಫರ್ ಗ್ಯಾಲರಿ ಲಿಂಕ್ ಒಂದನ್ನೇ ತೋರಿಸಿ ಅರ್ಜಿ ಬೀಳಿಸುತ್ತಾರೆ. 43.09ಕ್ಕೆ, ಲೆಕ್ಕದ ಹಾಳೆಯೊಂದಿಗೆ, ಭಾಗಶಃ ಅರ್ಜಿ ಹಾಕಿ. ಬ್ಯಾಂಕ್ ವರ್ಗಾವಣೆಯ ಹಣವನ್ನು ಹೀಗೆ ಹಿಂದಕ್ಕೆ ಎಳೆಯಲಾಗದು. ನಿಮ್ಮ ಬೇಡಿಕೆ 50ರೊಳಗೇ ಇರುವುದು ಒಳ್ಳೆಯದಾಯಿತು. ಒಂದು ಕಡೆಯಿಂದ ಹಣ ಬಂದರೆ ಇನ್ನೊಂದು ಕಡೆಯ ಬೇಡಿಕೆಯನ್ನು ಕೂಡಲೇ ಕೈಬಿಡಬೇಕು.

ಅದಕ್ಕೂ ಮೊದಲು ಲಿಖಿತ ಬೇಡಿಕೆ ಹೋಗಿರಬೇಕು, ಇದನ್ನು ಬ್ಯಾಂಕೂ ಕೇಳುತ್ತದೆ. ಒಂದೇ ಪುಟ ಸಾಕು. ಕರಾರಿನ ದಿನಾಂಕ, ಪ್ರತಿ ಬಾಬತ್ತಿಗೆ ಒಪ್ಪಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ವ್ಯತ್ಯಾಸದ ಹಣ, ಎಕ್ಸಿಫ್ ಪಟ್ಟಿಯ ಪ್ರತಿ, ಮರು ಎಡಿಟಿಂಗ್ ಬೇಕಾದ ಚಿತ್ರಗಳ ಫೈಲ್ ಸಂಖ್ಯೆ, 14 ದಿನದ ಗಡುವು, ಹಣ ಯಾವ ಖಾತೆಗೆ. ಇಮೇಲ್ ಜೊತೆಗೆ ಸ್ವೀಕೃತಿ ಸಿಗುವ ಅಂಚೆಯಲ್ಲೂ ಕಳಿಸಿ. ವಾಟ್ಸಾಪ್ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ, ಜೊತೆಗೆ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಇಡಿ. "ಹಣ ಕೊಡದಿದ್ದರೆ ಕೆಟ್ಟ ವಿಮರ್ಶೆ ಬರೆಯುತ್ತೇವೆ" ಎಂದು ಎಲ್ಲೂ ಬರೆಯಬೇಡಿ. ಆ ಒಂದು ಸಾಲು ನಿಮ್ಮನ್ನೇ ಬೆದರಿಕೆ ಹಾಕಿದವರನ್ನಾಗಿ ಮಾಡುತ್ತದೆ.

ಕರಾರುಪತ್ರ

ಉಚಿತ ಶೂಟ್ ಒಪ್ಪಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮುಗಿದ ಸಮಾರಂಭಕ್ಕೆ ಅದು ಬದಲಿಯಲ್ಲ, ಮೇಲಾಗಿ "ಪರಿಹಾರ ಪಡೆದಾಗಿದೆ" ಎಂದು ಹೇಳಲು ಅವರಿಗೊಂದು ದಾಖಲೆ. 10ಕ್ಕೂ ಹೀಗೇ ಉತ್ತರಿಸಿ: ಎರಡನೇ ಫೋಟೋಗ್ರಾಫರ್ ಒಂದು ಬಾಬತ್ತೇ 20, ಇದನ್ನು ಯಾವ ಲೆಕ್ಕದಲ್ಲಿ 10ಕ್ಕೆ ತಂದಿರಿ? ಚೌಕಾಸಿಗೆ ಇಳಿಯಲೇಬೇಕಾದರೆ 5.73 ಮತ್ತು 7.05ರಲ್ಲಿ ಸಡಿಲ ಬಿಡಬಹುದು. ಪ್ರಿವ್ಯೂನಿಂದ ಆರಿಸಿದ ಚಿತ್ರಗಳು ಅಥವಾ ಕಾರ್ಡಿನಿಂದ ಮರಳಿ ಬಂದವು ಸಿಕ್ಕರೆ ಅವೆರಡೂ ಹೇಗಿದ್ದರೂ ಇಳಿಯುತ್ತವೆ. ಬಾರದ ಆಳಿನ 20, ನಿಲ್ಲದ ಒಂದೂವರೆ ಗಂಟೆಯ 10.31 ಬಿಡಬೇಡಿ. ಅಂದರೆ 30.31 ನಿಮ್ಮ ತಳ.

ರಾಜಿಪತ್ರ ಕೊಟ್ಟರೆ "ಪೂರ್ಣ ತೃಪ್ತಿಯಿಂದ ಎಲ್ಲ ಹಕ್ಕು ಬಿಟ್ಟಿದ್ದೇವೆ" ಎಂಬ ಸಾಲನ್ನು ಹುಡುಕಿ. ಅದರ ಜಾಗದಲ್ಲಿ ಮೊತ್ತ, ಖಾತೆಗೆ ಜಮೆಯಾಗಬೇಕಾದ ದಿನಾಂಕ, ಬಾಕಿ ಚಿತ್ರಗಳ ಸಂಖ್ಯೆ, ಆಲ್ಬಂನ ಗತಿ ಬರೆಸಿ. ಸಿಕ್ಕ 212 ಚಿತ್ರ ಬಳಸುವ ನಿಮ್ಮ ಅನುಮತಿ ಮುಂದುವರಿಯುತ್ತದೆ ಎಂಬ ಸಾಲೂ ಇರಲಿ. ಚಿತ್ರಗಳ ಹಕ್ಕು ಕೆಲವು ದೇಶಗಳಲ್ಲಿ ತೆಗೆದವರದ್ದು, ಕೆಲವೆಡೆ ಹಣ ಕೊಟ್ಟು ತೆಗೆಸಿದವರದ್ದು, ಕಾಗದದಲ್ಲಿ ಇದ್ದರೆ ಆ ತಂಟೆಯೇ ಇಲ್ಲ. ಹಣ ಜಮೆಯಾದ ಮೇಲೆಯೇ ಬೇಡಿಕೆ ಮುಗಿಯಿತು ಎಂಬ ಮಾತು ಜಾರಿಗೆ ಬರುವಂತೆ ಬರೆಸಿ, ಆಮೇಲೆ ಸಹಿ ಹಾಕಿ.