ಮೋಲ್ಡ್ ಕಂಬಿ ಕಾಣ್ತಿದೆ, ಗೀಸರ್ ಜುಮ್ ಅಂತಿದೆ, ಕೈಯಲ್ಲಿರೋದು 40 ಸಾವಿರ: ಮೊದಲು ಯಾವುದಕ್ಕೆ?

ಪ್ರಶ್ನೆ (ಕಾರಂಜಿಕಟ್ಟೆ, ಕೋಲಾರ): ನಮಸ್ಕಾರ ಸಾರ್. ನಮ್ಮದು ಮಾವನವರು 1998ರಲ್ಲಿ ಕಟ್ಟಿಸಿದ ಮನೆ. ಒಂದೇ ಅಂತಸ್ತು, ತಾರಸಿ ಮೇಲೆ ಸಾವಿರ ಲೀಟರ್ ಟ್ಯಾಂಕ್. ಹೋದ ವಾರ ಅಡುಗೆಮನೆಯಲ್ಲಿ ಒಲೆಯಿಂದ ಎರಡಡಿ ಆಚೆ ಮೇಲಿನ ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಪ್ಲಾಸ್ಟರ್ ದೊಪ್ಪನೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ, ರಾಗಿ ಹಿಟ್ಟಿನ ಡಬ್ಬ ನೆಗ್ಗಿತು ಅಷ್ಟೇ. ಈಗ ಮೂರು ಕಂಬಿ ಕೆಂಪಗೆ ತುಕ್ಕು ಹಿಡಿದು ಕಾಣುತ್ತಿವೆ. ಅದೇ ವಾರ ಬಚ್ಚಲುಮನೆಯಲ್ಲಿ ಗೀಸರ್ ಹಾಕಿ ನಲ್ಲಿ ಮುಟ್ಟಿದರೆ ಜುಮ್ ಅನ್ನೋಕೆ ಶುರುವಾಯಿತು.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿ, ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್, ಕೆಳಗೆ ಪ್ಲಾಸ್ಟರ್, ಪೇಂಟ್ ಎಲ್ಲ ಸೇರಿ 1 ಲಕ್ಷ 85 ಸಾವಿರ ಅಂದರು. ಎರಡು ವರ್ಷದ ಹಿಂದೆ ತಾನೇ ಬಿಳಿ ಕೋಟಿಂಗ್ ಹೊಡೆಸಿದ್ದೆವು. ಕೈಯಲ್ಲಿರೋದು 40 ಸಾವಿರ. ನಮ್ಮ ಯಜಮಾನರು ಚೀಟಿ ಕೂಗಿಬಿಡ್ತೀನಿ ಅಂತಿದ್ದಾರೆ. ದೀಪಾವಳಿಗೆ ನಾದಿನಿ ಮನೆಯವರು ಬೇರೆ ಬರುತ್ತಾರೆ. ಏನು ಮಾಡೋದು ಸಾರ್?

ಉತ್ತರ (ಸಿವಿಲ್ ಇಂಜಿನಿಯರ್): ಅಮ್ಮಾ, ಮೊದಲು ಗೀಸರ್. ಇದನ್ನು ಓದಿದ ತಕ್ಷಣ ಹೋಗಿ ಅದರ ಎಂಸಿಬಿ (ಬೋರ್ಡಿನಲ್ಲಿರೋ ಟ್ರಿಪ್ ಸ್ವಿಚ್) ಇಳಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಂಬಿ ತುಕ್ಕು ಹಿಡಿಯೋಕೆ ಹತ್ತಿಪ್ಪತ್ತು ವರ್ಷ ತೆಗೆದುಕೊಂಡಿದೆ, ಇನ್ನೊಂದು ತಿಂಗಳು ಕಾಯುತ್ತದೆ. ಕರೆಂಟ್ ಕಾಯುವುದಿಲ್ಲ.

ನಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮಗೆ ಗೊತ್ತೇ ಇದೆ. ಗೀಸರ್ ಒಳಗಿನ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಕಾಯಿಲ್ ಬಿಸಿ ಜಾಸ್ತಿಯಾಗಿ ಹೊರಕವಚ ಸೀಳುತ್ತದೆ, ಕರೆಂಟ್ ನೀರಿಗೆ ಇಳಿಯುತ್ತದೆ. ಅರ್ತಿಂಗ್ ಸರಿಯಿದ್ದರೆ ಆ ಕರೆಂಟ್ ಭೂಮಿಗೆ ಹೋಗಬೇಕು. ನಿಮ್ಮ ಕೈಗೆ ಬಂದಿದೆ ಅಂದರೆ ಅರ್ತಿಂಗ್ ಕೂಡ ಕೆಟ್ಟಿದೆ ಅಂತಲೇ ಲೆಕ್ಕ. ಎಲೆಕ್ಟ್ರಿಷಿಯನ್ ಕರೆಸಿ ಎರಡು ಕೆಲಸ ಹೇಳಿ: ಅರ್ತಿಂಗ್ ಅಳೆದು ಸರಿ ಮಾಡಲಿ, ಮೇನ್ ಬೋರ್ಡಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಇಳಿಯೋ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಲಿ. ಎಂಸಿಬಿ ಇದೆಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎಂಸಿಬಿ ಇಳಿಯೋದು ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ. ಮನುಷ್ಯನಿಗೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಜೀವ ಉಳಿಸೋದು ಆರ್‌ಸಿಸಿಬಿ. ನಿಮ್ಮ 40 ಸಾವಿರದಲ್ಲಿ ಮೊದಲ ಪಾಲು ಇದಕ್ಕೆ. ಅಲ್ಲಿಯ ತನಕ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳಿ.

ಇನ್ನು ಮೋಲ್ಡ್. ದುಡ್ಡಿನ ಮಾತು ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ಆ ಜಾಗ ಮಳೆಗಾಲದಲ್ಲಿ ಮಾತ್ರ ಒದ್ದೆಯೋ, ಬೇಸಿಗೆಯಲ್ಲೂ ಒದ್ದೆಯೋ?

ಪ್ರಶ್ನೆ ಕೇಳಿದವರು: ಗೀಸರ್ ಎಂಸಿಬಿ ಇಳಿಸಿದೆ ಸಾರ್. ಒದ್ದೆ... ಯೋಚನೆ ಮಾಡಿದರೆ ಯುಗಾದಿ ಹೊತ್ತಿಗೂ ಅಲ್ಲಿ ಕಪ್ಪು ಕಲೆ ಇತ್ತು. ಒಗ್ಗರಣೆ ಹೊಗೆ ಅಂದುಕೊಂಡಿದ್ದೆವು.

ಉತ್ತರ: ಕೋಲಾರದಲ್ಲಿ ಯುಗಾದಿ ಹೊತ್ತಿಗೆ ಮಳೆ ಎಲ್ಲಿ ಬರುತ್ತದೆ? ಹಾಗಾದರೆ ಇದು ಮಳೆ ನೀರಲ್ಲ, ನಿಮ್ಮದೇ ನೀರು. ಬಿಳಿ ಕೋಟಿಂಗ್ ಕೆಲಸ ಮಾಡದೆ ಇದ್ದದ್ದು ಅದಕ್ಕೇ.

ಇವತ್ತು ರಾತ್ರಿ ಹೀಗೆ ಮಾಡಿ. ಟ್ಯಾಂಕ್ ತುಂಬಿಸಿ ಮೋಟಾರ್ ಆಫ್ ಮಾಡಿ. ಎಲ್ಲರೂ ಮಲಗಿದ ಮೇಲೆ ಮುಚ್ಚಳ ತೆಗೆದು, ನೀರು ಎಲ್ಲಿಗಿದೆಯೋ ಅಲ್ಲಿಗೆ ಒಳಗಡೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯಿರಿ. ರಾತ್ರಿ ಯಾರೂ ನಲ್ಲಿ ಬಿಡಬಾರದು, ಫ್ಲಶ್ ಕೂಡ ಒತ್ತಬಾರದು, ಬಕೆಟ್ ನೀರು ಇಟ್ಟುಕೊಳ್ಳಿ. ಬೆಳಗ್ಗೆ ನೋಡಿ. ಸಾವಿರ ಲೀಟರಿನ ದುಂಡು ಟ್ಯಾಂಕಲ್ಲಿ ಒಂದಿಂಚು ಅಂದರೆ ಹತ್ತಿರ ಹತ್ತಿರ 25 ಲೀಟರ್. ನಾಳೆ ರಾತ್ರಿ ಇದನ್ನೇ ಇನ್ನೊಮ್ಮೆ, ಆದರೆ ಟ್ಯಾಂಕ್ ಬುಡದ ಗೇಟ್‌ವಾಲ್ವ್ ಪೂರ್ತಿ ಮುಚ್ಚಿ. ಆಗಲೂ ಇಳಿದರೆ ಟ್ಯಾಂಕಿನದೋ ಅದಕ್ಕೆ ಪೈಪ್ ಸೇರಿಸೋ ನಿಪ್ಪಲಿನದೋ ತಪ್ಪು. ಇಳಿಯದಿದ್ದರೆ ವಾಲ್ವಿನಿಂದ ಈಚೆಗಿನ ಪೈಪಿನದು. ಒಂದು ರೂಪಾಯಿ ಖರ್ಚಿಲ್ಲ.

ಮುಳಬಾಗಿಲಿನಿಂದ ಒಬ್ಬರು: ಸಾರ್, ಮಧ್ಯೆ ಬಾಯಿ ಹಾಕ್ತೀನಿ. ಊರಲ್ಲಿ ನಮ್ಮ ತಾತನ ಕಾಲದ ಕಲ್ಲು ಚಪ್ಪಡಿ ಮನೆ. ಚಪ್ಪಡಿ ಸಂದಿನಲ್ಲಿ ಸೋರುತ್ತದೆ. ಪ್ರತಿ ವರ್ಷ ಸಿಮೆಂಟ್ ಮೆತ್ತಿಸುತ್ತೇವೆ, ಪ್ರತಿ ವರ್ಷ ಬಿಡುತ್ತದೆ. ಮೇಲೆ ಮೂರಿಂಚು ಕಾಂಕ್ರೀಟ್ ಹಾಕಿಬಿಡಿ ಅಂತ ಮೇಸ್ತ್ರಿ ಹೇಳ್ತಾರೆ.

ಉತ್ತರ: ಕಾಂಕ್ರೀಟ್ ಬೇಡ, ದಯವಿಟ್ಟು. ಆರುನೂರು ಚದರಡಿಗೆ ಮೂರಿಂಚು ಕಾಂಕ್ರೀಟ್ ಅಂದರೆ ಸುಮಾರು 10 ಟನ್. ತಾತನ ಕಾಲದ ಗೋಡೆ ಮೇಲೆ ಹತ್ತು ಟನ್ ಹೊಸದಾಗಿ ಹೊರಿಸೋ ಮೊದಲು ಆ ಮೇಸ್ತ್ರಿಯನ್ನು ಅದರ ಕೆಳಗೆ ಮಲಗೋಕೆ ಹೇಳಿ (ತಮಾಷೆಗೆ ಹೇಳಿದೆ, ಆದರೂ ಹೇಳಿ). ಕಲ್ಲು ಮಧ್ಯಾಹ್ನ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಬಾಗೋ ಜಾತಿಯದಲ್ಲ, ಬಿರುಕು ಬಿಡುತ್ತದೆ. ಹಿಂದಿನವರು ಸುಣ್ಣದ ಗಾರೆ ಹಾಕುತ್ತಿದ್ದರು, ಅದು ಸ್ವಲ್ಪ ಬಾಗುತ್ತಿತ್ತು. ಈಗ ಗಾರೆ ಅರೆಯೋರು ಸಿಗೋದು ಕಷ್ಟ. ಸಂದಿನ ಹಳೇ ಸಿಮೆಂಟೆಲ್ಲ ಕೆತ್ತಿ ತೆಗೆಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ, ಪಾಲಿಯುರೆಥೇನ್ ಸೀಲಂಟ್ ತುಂಬಿಸಿ. ಅದು ರಬ್ಬರಿನ ಹಾಗೆ ಎಳೆಯುತ್ತದೆ. 2021ರ ನವೆಂಬರ್ ಮಳೆ ಆದಮೇಲೆ ಹೀಗೆ ಮಾಡಿಸಿದ ಎರಡು ಮನೆ ಇನ್ನೂ ಸೋರಿಲ್ಲ.

ಪ್ರಶ್ನೆ ಕೇಳಿದವರು (ಎರಡು ದಿನ ಬಿಟ್ಟು): ಸಾರ್, ಮೊದಲ ರಾತ್ರಿ ಎರಡಿಂಚು ಇಳಿದಿತ್ತು! ನಿನ್ನೆ ವಾಲ್ವ್ ಮುಚ್ಚಿದ್ದೆವು, ಗೀಟು ಹಾಗೇ ಇತ್ತು. ನಮ್ಮ ಅತ್ತೆಯವರು ಹೇಳಿದರು, ಪೈಪ್ ತಾರಸಿ ಗಾರೆ ಒಳಗೇ ಬಂದು ಅಡುಗೆಮನೆ ಗೋಡೆಗೆ ಇಳಿಯುತ್ತದಂತೆ. ಕಬ್ಬಿಣದ ಪೈಪಂತೆ.

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಇಂಜಿನಿಯರ್ ಮಾಡೋ ಅರ್ಧ ಕೆಲಸ ಅವರೇ ಮಾಡಿಬಿಟ್ಟರು.

ಅದು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಇಷ್ಟು ವರ್ಷದಲ್ಲಿ ತುಕ್ಕು ತಿಂದು ಎಲ್ಲೋ ತೂತಾಗಿದೆ. ದಿನಾ ರಾತ್ರಿ 50 ಲೀಟರ್ ನಿಮ್ಮ ಮೋಲ್ಡ್ ಕುಡಿಯುತ್ತಿದೆ. ಕಂಬಿ ತುಕ್ಕು ಹಿಡಿದರೆ ಊದುತ್ತದೆ, ಕಬ್ಬಿಣಕ್ಕಿಂತ ತುಕ್ಕಿಗೆ ಬೇಕಾದ ಜಾಗ ಜಾಸ್ತಿ. ಆ ಒತ್ತಡಕ್ಕೇ ಕೆಳಗಿನ ಕಾಂಕ್ರೀಟ್ ಒಡೆದು ಬಿದ್ದಿದ್ದು. ಪ್ಲಾಸ್ಟರ್ ಮೆತ್ತಿ ಪೇಂಟ್ ಹೊಡೆಸಿದ್ದರೆ ಇನ್ನೆರಡು ವರ್ಷಕ್ಕೆ ಮತ್ತೆ ಬೀಳುತ್ತಿತ್ತು.

ಆ ಪೈಪನ್ನು ಹುಡುಕೋಕೆ ತಾರಸಿ ಒಡೆಸಬೇಡಿ. ಎರಡು ತುದಿಗೂ ಎಂಡ್‌ಕ್ಯಾಪ್ ಹಾಕಿ ಅಲ್ಲೇ ಸಾಯಲು ಬಿಡಿ. ಟ್ಯಾಂಕಿನಿಂದ ಹೊಸ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪ್ ಪ್ಯಾರಾಪೆಟ್ ಪಕ್ಕದಲ್ಲಿ, ಕಣ್ಣಿಗೆ ಕಾಣೋ ಹಾಗೆ, ಹೊರಗೋಡೆ ಮೇಲೆ ಇಳಿಸಿ. ಚೆನ್ನಾಗಿ ಕಾಣೋದಿಲ್ಲ ಅಂತಾರೆ. ಕಾಣಲಿ ಬಿಡಿ, ಕಂಡ ಪೈಪ್ ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ಬಿಸಿಲು ಬೀಳೋ ಕಡೆ ಪೈಪಿಗೆ ಪೇಂಟ್ ಹೊಡೆಸಿ.

ಆಮೇಲೆ ಮೋಲ್ಡ್. ಕೋಲಿನ ತುದಿಯಲ್ಲಿ ಸುತ್ತಲೂ ತಟ್ಟುತ್ತಾ ಹೋಗಲಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಬಿಟ್ಟಿದ್ದಲ್ಲಿ ಡಬ್ ಡಬ್ ಅನ್ನುತ್ತದೆ. ಡಬ್ ಅಂದಿದ್ದನ್ನೆಲ್ಲ ಉದುರಿಸಬೇಕು. ಕಂಬಿಯ ಹಿಂದೆ ಬೆರಳು ಹೋಗುವಷ್ಟು ಬಿಡಿಸಿ, ತಂತಿ ಬ್ರಷ್‌ನಲ್ಲಿ ಹೊಳೆಯೋ ತನಕ ಉಜ್ಜಿ, ತುಕ್ಕು ತಡೆಯೋ ಪ್ರೈಮರ್ ಹೊಡೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯನ್ನು ಪದರ ಪದರವಾಗಿ ಹಾಕಬೇಕು. ಬರೀ ಸಿಮೆಂಟ್ ಮರಳು ಅಲ್ಲಿ ನಿಲ್ಲುವುದಿಲ್ಲ. ಉಜ್ಜಿದ ಮೇಲೆ ಕಂಬಿ ಕಾಲುಭಾಗದಷ್ಟು ಸವೆದಿದ್ದರೆ ಅಲ್ಲಿಗೇ ನಿಲ್ಲಿಸಿ ಫೋಟೋ ಹಾಕಿ. ಆಗ ಪಕ್ಕದಲ್ಲಿ ಹೊಸ ಕಂಬಿ ಕೊಡಬೇಕಾಗುತ್ತದೆ, ಅದನ್ನು ಇಂಜಿನಿಯರ್ ಬಂದು ನೋಡಿಯೇ ಮಾಡಬೇಕು. ಕೆಲಸ ಮುಗಿಯೋ ತನಕ ಒಲೆ ಹಜಾರಕ್ಕೆ ಎತ್ತಿಡಿ.

ಇದೆಲ್ಲ ನಿಮ್ಮ 40 ಸಾವಿರದ ಒಳಗೆ ಬರಬೇಕು. ಸಾಮಾನು ನೀವೇ ತಂದುಕೊಡಿ, ಕೂಲಿ ಮಾತ್ರ ಮಾತಾಡಿ. ಇಡೀ ತಾರಸಿ ವಾಟರ್‌ಪ್ರೂಫಿಂಗ್ ಸದ್ಯಕ್ಕೆ ಬೇಡ. ಚೀಟಿ ಕೂಗೋದಂತೂ ಬೇಡವೇ ಬೇಡ. ಲಕ್ಷದ ಚೀಟಿ 25 ಸಾವಿರ ಬಿಟ್ಟು ಕೂಗಿದರೆ ಕೈಗೆ ಬರೋದು 75, ಕಟ್ಟೋ ಕಂತು ಮಾತ್ರ ಲಕ್ಷದ ಲೆಕ್ಕದ್ದು. ಅದು ಬಡ್ಡಿ ಅಲ್ಲದೆ ಇನ್ನೇನು? ತೀರಾ ಕಡಿಮೆ ಬಿದ್ದರೆ ಬ್ಯಾಂಕಲ್ಲಿ ಒಂದು ಬಳೆ ಇಟ್ಟು ಆರು ತಿಂಗಳಲ್ಲಿ ಬಿಡಿಸಿಕೊಳ್ಳಿ. ಕೆಲಸ ಕಂಟ್ರಾಕ್ಟರಿಗೆ ಕೊಟ್ಟರೆ ಅವರ ಕೊನೆ ಕಂತು ಒಂದು ಮಳೆ ನೋಡಿ ಕೊಡಿ.

ಬಂಗಾರಪೇಟೆಯ ಗಾರೆ ಮೇಸ್ತ್ರಿ ಒಬ್ಬರು: ಸಾರ್, ಎಲ್ಲ ಸರಿ ಹೇಳಿದಿರಿ. ಕೊನೆ ಮಾತು ಒಪ್ಪಲ್ಲ. ಮಳೆ ಆರು ತಿಂಗಳು ಬರದಿದ್ದರೆ? ನನ್ನ ಹಿಂದೆ ನಾಲ್ಕು ಜನ ಆಳಿರುತ್ತಾರೆ, ಶನಿವಾರ ಬಟವಾಡೆ. ದುಡ್ಡು ಹಿಡಿದರೆ ಅವರಿಗೆ ಯಾರು ಕೊಡ್ತಾರೆ?

ಉತ್ತರ: ಒಪ್ಪಿದೆ ಮೇಸ್ತ್ರಿ. ದಿನಗೂಲಿ ಹಿಡಿಯಬಾರದು, ಅವತ್ತಿಂದು ಅವತ್ತೇ ಕೊಡಬೇಕು. ನಾನು ಹೇಳಿದ್ದು ಸಾಮಾನು ಸಮೇತ ಗುತ್ತಿಗೆ ಹಿಡಿದು ಗ್ಯಾರಂಟಿ ಕೊಡುವವರಿಗೆ. ಅದಕ್ಕೂ ಮಳೆ ಕಾಯೋದು ಬೇಡ, ತಾರಸಿಯ ನೀರು ಹೋಗೋ ತೂತು ಮುಚ್ಚಿ ಒಂದಿಂಚು ನೀರು ಎರಡು ದಿನ ನಿಲ್ಲಿಸಿ ನೋಡಿದರೆ ಸಾಕು. ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ತಾರಸಿ ಆದರೆ ಮಾತ್ರ. ಕಲ್ಲು ಚಪ್ಪಡಿ ಮೇಲೆ ನಿಲ್ಲಿಸಬೇಡಿ. ಕಂಬಿ ತುಕ್ಕು ಹಿಡಿದಿರೋ ಮೋಲ್ಡ್ ಮೇಲೂ ಬೇಡ.

ಟಮಕದಿಂದ ಒಬ್ಬರು: ಇಂಥದ್ದಕ್ಕೆಲ್ಲ ಇನ್ಶೂರೆನ್ಸ್ ಬರಲ್ವಾ ಸಾರ್?

ಉತ್ತರ: ಇದಕ್ಕೆ ಬರಲ್ಲ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಅಂತ ಒಂದೇ ನಮೂನೆಯ ಮನೆ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಟ್ಯಾಂಕ್ ಒಡೆದು ನೀರು ನುಗ್ಗೋದು, ಇಂಥವೆಲ್ಲ ಅದರಲ್ಲಿದೆ. ವರ್ಷಾನುಗಟ್ಟಲೆ ಸೋರಿ ಸವೆದಿದ್ದು ಇಲ್ಲ. ಸವೆತಕ್ಕೆ ನಾವೇ ಕೂಡಿಡಬೇಕು. ನಾನು ಪೋಸ್ಟಾಫೀಸಿನಲ್ಲಿ ಮನೆಗೆ ಅಂತಲೇ, ತಿಂಗಳು ತಿಂಗಳು ಕಟ್ಟೋ ಒಂದು ಆರ್‌ಡಿ ಇಟ್ಟಿದ್ದೇನೆ. ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು, ಐದು ವರ್ಷದ್ದು. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರಲ್ಲಿ ಅರ್ಧದ ತನಕ ಸಾಲ ಸಿಗುತ್ತದೆ. ನಮ್ಮ ಬೋರ್ ಮೋಟಾರ್ ಸುಟ್ಟಾಗ ಅದರಲ್ಲೇ ಎತ್ತಿಸಿದ್ದು. ಅಂದ ಹಾಗೆ, ಮೋಟಾರ್ ನಿಂತ ತಕ್ಷಣ ಎತ್ತಿಸೋಕೆ ಹೋಗಬೇಡಿ. ಸಾವಿರ ಅಡಿಯಿಂದ ಎತ್ತೋ ಕೂಲಿಯೇ ದೊಡ್ಡದು. ಮೊದಲು ಪ್ಯಾನಲ್ ಬೋರ್ಡಿನ ಕೆಪಾಸಿಟರ್ ನೋಡಿಸಿ, ಆಮೇಲೆ ಕೇಬಲ್‌ಗೆ ಮೆಗ್ಗರ್ (ಕರೆಂಟ್ ಸೋರಿಕೆ ನೋಡೋ ಮೀಟರ್) ಹಾಕಿಸಿ. ವೈಂಡಿಂಗ್ ಹೋಗಿದೆಯೋ ಇಲ್ಲವೋ ಮೇಲಿನಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು (ಹತ್ತು ದಿನ ಬಿಟ್ಟು): ಸಾರ್, ಆರ್‌ಸಿಸಿಬಿ ಹಾಕಿಸಿದೆವು, ಗೀಸರ್ ಹಾಕಿದ ಕೂಡಲೇ ಅದು ಇಳಿಯಿತು. ಕಾಯಿಲ್ ಬಿಚ್ಚಿದರೆ ಸುಣ್ಣದ ಗೂಡು, ನಡುವೆ ಸೀಳು. ಬದಲಾಯಿಸಿದರು. ಪೈಪ್ ಹೊರಗಿಂದ ಬಂತು. ಕಂಬಿ ಪರವಾಗಿಲ್ಲ, ಜಾಸ್ತಿ ಸವೆದಿಲ್ಲ ಅಂದರು, ಗಾರೆ ಹಾಕಿದ್ದಾರೆ. ಎಲ್ಲ ಸೇರಿ 31 ಸಾವಿರ ಆಯಿತು. ಈಗ ಪೇಂಟ್ ಹೊಡೆಸಲಾ? ದೀಪಾವಳಿಗೆ ಆರು ದಿನ ಇದೆ.

ಉತ್ತರ: ಬೇಡ. ಇಷ್ಟು ವರ್ಷ ಕುಡಿದ ನೀರು ಹತ್ತು ದಿನದಲ್ಲಿ ಒಣಗುವುದಿಲ್ಲ. ಒಂದಡಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಆ ಕಪ್ಪು ಕಲೆ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ ಬೆವೆತಿದ್ದರೆ ಇನ್ನೂ ನೀರಿದೆ. ಬೆವರದೆ ಇರೋ ದಿನ ಪೇಂಟ್.

ಪ್ರಶ್ನೆ ಕೇಳಿದವರು: ನಾದಿನಿ ಏನಂತಾರೋ ಸಾರ್!

ಉತ್ತರ: ಹಜಾರಕ್ಕೆ ಸುಣ್ಣ ಹೊಡೆಸಿ, ಬಾಗಿಲಿಗೆ ತೋರಣ ಕಟ್ಟಿ. ಅಡುಗೆಮನೆ ಸಂಕ್ರಾಂತಿಗೆ. ಕೇಳಿದರೆ ಇಂಜಿನಿಯರ್ ಬೇಡ ಅಂದ ಅಂತ ನನ್ನ ಮೇಲೆ ಹಾಕಿ.