ಸಹಾಯ ಬೇಕು: ಹತ್ತನೆಯ ದಿನದೊಳಗೆ ಅಪ್ಪನ ಅಸ್ಥಿ ಬಿಡಬೇಕು

ಎಲ್ಲರಿಗೂ ನಮಸ್ಕಾರ. ಕೊರೊನಾದಿಂದ ನಮ್ಮ ಅಪ್ಪ 2021ರ ಮೇ 13ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಾನೂ ಸೋಂಕಿತ, ಅವರ ಬಾಯಿಗೆ ಅಕ್ಕಿಕಾಳು ಹಾಕುವ ಭಾಗ್ಯವೂ ಸಿಗಲಿಲ್ಲ. ವಿದ್ಯುತ್ ಚಿತಾಗಾರದಲ್ಲಿ ತಮ್ಮನೊಬ್ಬನೇ ಪಿಪಿಇ ಕಿಟ್ ತೊಟ್ಟು ದೂರದಿಂದ ಕೈಮುಗಿದ. ಅಸ್ಥಿಯ ಕುಡಿಕೆ ಹಿತ್ತಲಿನ ಸೀಬೆ ಮರದಲ್ಲಿ ತೂಗುತ್ತಿದೆ. ಅದನ್ನು ನೋಡಿದಾಗಲೆಲ್ಲ ಅಮ್ಮ ಅಳುತ್ತಾರೆ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೇ ಬಿಡಬೇಕೆಂಬುದು ಅಪ್ಪನ ಆಸೆ. ತಾತನ ಅಸ್ಥಿಯನ್ನು ಅವರೇ ಅಲ್ಲಿ ಬಿಟ್ಟಿದ್ದರು. 22ಕ್ಕೆ ಹತ್ತನೆಯ ದಿನ. ಲಾಕ್‌ಡೌನ್ 24ರವರೆಗೆ ಇದೆ, ಜಿಲ್ಲೆ ದಾಟುವಂತಿಲ್ಲ. ಚಿತಾಗಾರದ ರಸೀದಿ ತೋರಿಸಿದರೆ ತಮ್ಮನನ್ನು ಬಿಡುತ್ತಾರೆಯೇ? ಈ ವಾರ ಹೋಗಿಬಂದವರು ದಯವಿಟ್ಟು ತಿಳಿಸಿ. ಆಗದಿದ್ದರೆ, ಅಸ್ಥಿಯನ್ನು ಕಾದಿರಿಸಿ ಹನ್ನೊಂದು, ಹನ್ನೆರಡನೆಯ ದಿನದ ಕರ್ಮಗಳನ್ನು ಮೊದಲು ಮಾಡಬಹುದೇ? ವಿಡಿಯೊ ಕರೆಯಲ್ಲಿ ಮಂತ್ರ ಹೇಳಿಕೊಡುವ ಅಪರಕರ್ಮದ ಪುರೋಹಿತರು ನಿಮಗೆ ಗೊತ್ತಿದ್ದಾರೆಯೇ? ಎಳ್ಳು, ದರ್ಭೆ ಮನೆಯಲ್ಲಿವೆ.